ಆ ಕಡೆಗೆ ಹೋದ ಐದು

ಜುಲೈ 6

ಏಳನೇ ತರಗತಿಯ ಗಣಿತದ ಮೇಷ್ಟ್ರಿಗೆ,

ನೀವು ಕಳಿಸಿದ ಅಚ್ಚಿನ ಚೀಟಿ ಸಿಕ್ಕಿತು. ಖಾಲಿ ಬಿಟ್ಟ ಗೆರೆಯ ಮೇಲೆ ನನ್ನ ಮೊಮ್ಮಗಳ ಹೆಸರು ತುಂಬಿದ್ದೀರಿ. ಇಪ್ಪತ್ತೈದಕ್ಕೆ ಒಂಬತ್ತು ಎಂದು ಬರೆದಿದ್ದೀರಿ. ‘ಎದುರು ಮಾತಾಡುತ್ತಾಳೆ’ ಎಂಬುದರ ಮುಂದೆ ಸರಿ ಗುರುತು ಹಾಕಿದ್ದೀರಿ. ಎದುರು ಮಾತನ್ನೂ ಮೊದಲೇ ಅಚ್ಚು ಹಾಕಿಸಿ ಇಟ್ಟುಕೊಂಡ ಶಾಲೆಯನ್ನು ನಾನು ಕಂಡಿದ್ದು ಇದೇ ಮೊದಲು.

ಪೋಷಕರ ಸಹಿ ಎಂಬಲ್ಲಿ ನಾನು ಸಹಿ ಹಾಕಿಲ್ಲ. ಹುಡುಗಿಯ ಅಮ್ಮ, ಅಂದರೆ ನನ್ನ ಮಗಳು, ದೂರದ ಆಸ್ಪತ್ರೆಯೊಂದರಲ್ಲಿ ಪಾಳಿ ಕೆಲಸ ಮಾಡುವವಳು. ನಿಮ್ಮ ಹಾಸ್ಟೆಲಿಗೆ ಹುಡುಗಿಯನ್ನು ತಂದು ಬಿಟ್ಟವಳು ನಾನು. ರಜೆ ಬಂದರೆ ಅವಳು ಬರುವುದು ನನ್ನ ಮನೆಗೆ. ಹಾಗಾಗಿ ನಿಮ್ಮ ಚೀಟಿಗೆ ಉತ್ತರ ಹೇಳಬೇಕಾದವಳೂ ನಾನೇ.

ಅವಳು ನನಗೆ ಬರೆದದ್ದು ಇಷ್ಟು. ನೀವು ಹಲಗೆಯ ಮೇಲೆ ಒಂದು ಸಮೀಕರಣ ಬರೆದಿರಿ. ಸಮ ಗುರುತಿನ ಈ ಕಡೆ ಇದ್ದ ಕೂಡುವ ಐದು, ಆ ಕಡೆಗೆ ಹೋದರೆ ಕಳೆಯುವ ಐದಾಗುತ್ತದೆ ಎಂದಿರಿ. ಅವಳು ಯಾಕೆ ಎಂದಳು. ಅದು ನಿಯಮ ಎಂದಿರಿ. ನಿಯಮ ಯಾಕೆ ಹಾಗಿದೆ ಎಂದಳು. ಮೂರನೇ ಸಲ ಕೇಳಿದಾಗ ಬಾಗಿಲ ಹೊರಗೆ ನಿಲ್ಲಿಸಿದಿರಿ. ಪೀರಿಯಡ್ಡು ಮುಗಿಯುವ ತನಕ ನಿಂತಿದ್ದಳಂತೆ.

ಆ ಹುಡುಗಿ ಅಮ್ಮ ಎನ್ನುವುದಕ್ಕೂ ಮೊದಲು ಯಾಕೆ ಎನ್ನಲು ಕಲಿತವಳು. ಮನೆಯಲ್ಲಿ ಅವಳನ್ನು ಯಾಕಮ್ಮ ಎಂದೇ ಕರೆಯುತ್ತೇವೆ. ಈಗ ನಾನೂ ಕೇಳುತ್ತೇನೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿದ ಮಾತ್ರಕ್ಕೆ ಕೂಡುವುದು ಕಳೆಯುವುದು ಹೇಗಾಗುತ್ತದೆ? ನಾನು ಈ ಕೋಣೆಯಿಂದ ಆ ಕೋಣೆಗೆ ಹೋದರೆ ಅಜ್ಜಿಯಾಗಿಯೇ ಇರುತ್ತೇನೆ.

ಇನ್ನೊಂದು ಮಾತು. ನಿಮ್ಮ ಚೀಟಿಯ ಕೊನೆಯ ಸಾಲನ್ನು ಎರಡು ಸಲ ಓದಿದೆ. ಆಗಸ್ಟ್ 24ರ ಪರೀಕ್ಷೆಯಲ್ಲಿ ಹದಿಮೂರು ಅಂಕ ಬಾರದಿದ್ದರೆ ಅವಳನ್ನು ‘ಬೀಜಗಣಿತವಿಲ್ಲದ ಹೊಲಿಗೆ ವಿಭಾಗಕ್ಕೆ’ ಹಾಕುತ್ತೀರಂತೆ. ಮೇಷ್ಟ್ರೇ, ನಾನು ನಲವತ್ತೊಂದು ವರ್ಷದಿಂದ ಹೊಲಿಗೆಯವಳು. ಹೊಲಿಗೆ ಲೆಕ್ಕ ಬಾರದವರ ಪಾಲಿನದು ಎಂದು ನಿಮಗೆ ಹೇಳಿದವರು ಯಾರು? ಅವರು ತೊಟ್ಟ ಅಂಗಿಯ ಎರಡು ತೋಳು ಒಂದೇ ಉದ್ದ ಇದೆಯೋ ನೋಡಿ. ಇದ್ದರೆ ಅದನ್ನು ಹೊಲಿದವರಿಗೆ ಲೆಕ್ಕ ಬರುತ್ತಿತ್ತು.

ಹುಡುಗಿಯ ಅಜ್ಜಿ

*

ಜುಲೈ 15

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ವಿದ್ಯಾರ್ಥಿನಿಯ ಬಗ್ಗೆ ನಮಗೆ ಯಾವ ದ್ವೇಷವೂ ಇಲ್ಲ. ತರಗತಿಯಲ್ಲಿ ನಲವತ್ತಾರು ಮಕ್ಕಳಿದ್ದಾರೆ. ಪೀರಿಯಡ್ಡು ನಲವತ್ತು ನಿಮಿಷ. ಒಬ್ಬಳೇ ಮೂರು ಸಲ ಪ್ರಶ್ನೆ ಕೇಳಿದರೆ ಉಳಿದವರ ಪಾಠ ನಿಲ್ಲುತ್ತದೆ. ಚಿಹ್ನೆ ಬದಲಾಗುವುದು ಬೀಜಗಣಿತದ ನಿಯಮ. ಮಕ್ಕಳು ಅದನ್ನು ಬಾಯಿಪಾಠ ಮಾಡಿಕೊಂಡರೆ ಅಂಕ ತಾನಾಗಿ ಬರುತ್ತದೆ. ತಾವು ಅಷ್ಟು ಓದಿದವರಲ್ಲವಾದ್ದರಿಂದ ಇದು ತಮಗೆ ವಿಚಿತ್ರವಾಗಿ ಕಾಣುವುದು ಸಹಜ.

ಹೊಲಿಗೆ ವಿಭಾಗದ ನಿರ್ಧಾರ ಮುಖ್ಯೋಪಾಧ್ಯಾಯಿನಿಯವರದು. ತಮ್ಮ ಪರವಾಗಿ ಪತ್ರ ಬರೆದುಕೊಟ್ಟವರಿಗೂ ಈ ವಿಷಯವನ್ನು ದಯವಿಟ್ಟು ತಿಳಿಸುವುದು.

ಗಣಿತ ಶಿಕ್ಷಕ

*

ಜುಲೈ 20

ಮೇಷ್ಟ್ರಿಗೆ,

ನನ್ನ ಪರವಾಗಿ ಪತ್ರ ಬರೆದುಕೊಟ್ಟಿದ್ದು ನನ್ನ ಬಲಗೈ. ವಿಷಯ ತಿಳಿಸಿದ್ದೇನೆ. ಅದಕ್ಕೂ ಸಿಟ್ಟು ಬಂದಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಊರಿನ ಶಾಲೆಯಲ್ಲಿ ಒಂದೇ ಕೋಣೆ, ನಾಲ್ಕು ಗೋಡೆಗೆ ನಾಲ್ಕು ಕ್ಲಾಸು. ನಾಲ್ಕನೇ ಗೋಡೆ ಮುಗಿದ ಮೇಲೆ ಹೋಗಲು ಬಾಗಿಲೊಂದೇ ಉಳಿದಿತ್ತು, ಹೊರಗೆ ಬಂದೆ. ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಒಂದನ್ನು ಹುಡುಕಿ ಹುಡುಕಿ ಸಾಕಾಯಿತು. ನಾನು ಕೇಳಿದ್ದು ಯಾಕೆ ಎಂದು. ನೀವು ಒಂದು ಪುಟ ತುಂಬಿಸಿದ್ದೀರಿ, ಅದರಲ್ಲಿ ಯಾಕೆ ಎಂಬುದಕ್ಕೆ ಉತ್ತರ ಬಿಟ್ಟು ಎಲ್ಲವೂ ಇದೆ.

ಹುಡುಗಿಗೆ ಬರೆದು ನಿಮ್ಮ ಲೆಕ್ಕವನ್ನು ತರಿಸಿಕೊಂಡೆ. ಮೂರು ಎಕ್ಸ್‌ಗೆ ಐದು ಕೂಡಿಸಿದರೂ ಒಂದು ಎಕ್ಸ್‌ಗೆ ಹದಿಮೂರು ಕೂಡಿಸಿದರೂ ಸಮ, ಹಾಗಾದರೆ ಎಕ್ಸ್ ಎಷ್ಟು. ಈ ಎಕ್ಸ್ ಎಂಬುದು ನಾವು ಕತ್ತರಿ ಹಾಕುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಹಾಕುವ ಗುರುತಿನ ಹಾಗೇ ಇದೆ. ಅಳತೆ ಗೊತ್ತಿಲ್ಲದ ತುಂಡು ಎಂದು ಇಟ್ಟುಕೊಂಡೆ.

ಈ ಪತ್ರದ ಜೊತೆ ಎರಡು ಪಟ್ಟಿ ಇಟ್ಟಿದ್ದೇನೆ, ನೋಡಿ. ಮೊದಲನೆಯದರಲ್ಲಿ ಮೂರು ಕೆಂಪು ತುಂಡು, ಅದರ ತುದಿಗೆ ಐದು ಇಂಚಿನ ಬಿಳಿ. ಎರಡನೆಯದರಲ್ಲಿ ಒಂದೇ ಕೆಂಪು, ಹದಿಮೂರು ಇಂಚಿನ ಬಿಳಿ. ಒಂದರ ಮೇಲೊಂದು ಇಟ್ಟರೆ ತುದಿಗೆ ತುದಿ ಕೂಡುತ್ತದೆ. ಅದು ನಿಮ್ಮ ಸಮ ಗುರುತು. ಈಗ ಎರಡರಿಂದಲೂ ಒಂದೊಂದು ಕೆಂಪು ಕತ್ತರಿಸಿ. ತುದಿ ಕೂಡಿಯೇ ಇರುತ್ತದೆ. ಎರಡರಿಂದಲೂ ಐದೈದು ಇಂಚು ಬಿಳಿ ಕತ್ತರಿಸಿ. ಆಗಲೂ ಕೂಡಿಯೇ ಇರುತ್ತದೆ. ಒಂದು ಕಡೆ ಎರಡು ಕೆಂಪು, ಇನ್ನೊಂದು ಕಡೆ ಎಂಟು ಇಂಚು ಬಿಳಿ ಉಳಿಯಿತು. ಮಧ್ಯಕ್ಕೆ ಮಡಚಿ. ನಾಲ್ಕು.

ಇದರಲ್ಲಿ ಐದು ಎಲ್ಲಿಗೂ ಹೋಗಲಿಲ್ಲ ಮೇಷ್ಟ್ರೇ. ದಾಟಲಿಲ್ಲ, ವೇಷ ಬದಲಿಸಲಿಲ್ಲ. ಈ ಕಡೆ ಕತ್ತರಿಸಿದಷ್ಟೇ ಆ ಕಡೆಯೂ ಕತ್ತರಿಸಿದೆವು, ಅಷ್ಟೇ. ಎರಡು ತೋಳು ಸಮ ಇದ್ದಾಗ ಒಂದನ್ನು ಎರಡಿಂಚು ಮೊಟಕು ಮಾಡಿದರೆ ಇನ್ನೊಂದನ್ನೂ ಮಾಡಲೇಬೇಕು. ಇಷ್ಟನ್ನು ಹೇಳಲು ನಿಮಗೆ ಎಷ್ಟು ಹೊತ್ತು ಬೇಕಿತ್ತು? ಹುಡುಗಿ ಬಾಗಿಲ ಹೊರಗೆ ನಿಂತಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.

ಹುಡುಗಿಯ ಅಜ್ಜಿ

*

ಆಗಸ್ಟ್ 2

ಮಾನ್ಯರೇ,

ಪಟ್ಟಿಗಳು ತಲುಪಿದವು. ಇಂಥ ವಸ್ತುಗಳನ್ನು ತರಗತಿಯಲ್ಲಿ ಬಳಸುವುದಕ್ಕೆ ಪಾಠಪಟ್ಟಿಯಲ್ಲಿ ಅವಕಾಶವಿಲ್ಲ. ಉತ್ತರ ಪತ್ರಿಕೆ ತಿದ್ದಲು ನಮಗೆ ಕೊಡುವ ಮಾದರಿಯಲ್ಲಿ ‘ಆ ಕಡೆಗೆ ಒಯ್ದು ಚಿಹ್ನೆ ಬದಲಿಸಿದೆ’ ಎಂಬ ಹಂತಕ್ಕೆ ಅಂಕವಿದೆ, ಬೇರೆ ರೀತಿಯಲ್ಲಿ ಬರೆದರೆ ಇಲ್ಲ. ತಮ್ಮ ಮೊಮ್ಮಗಳು ಇದನ್ನು ತಿಳಿದುಕೊಂಡರೆ ಅವಳಿಗೇ ಒಳ್ಳೆಯದು. ಮುಂದಿನ ವಾರ ನಾಲ್ಕು ದಿನ ರಜೆ. ಅವಳನ್ನು ಊರಿಗೆ ಕಳಿಸುತ್ತಿದ್ದೇವೆ. ಅಭ್ಯಾಸಕ್ಕೆ ಹತ್ತು ಲೆಕ್ಕ ಕೊಟ್ಟಿದ್ದೇನೆ.

ಒಂದು ಸಣ್ಣ ವಿಚಾರ. ಕೆಂಪು ತುಂಡಿಗಿಂತ ಮೊದಲು ಬಿಳಿಯದನ್ನು ಕತ್ತರಿಸಿದರೂ ಉತ್ತರ ಅದೇ ಬರುತ್ತದೆಯೇ? ನನ್ನ ಬಳಿ ಇದ್ದ ಪಟ್ಟಿಗಳು ಈಗಾಗಲೇ ತುಂಡಾಗಿವೆ. ಬಿಡುವಿದ್ದರೆ ಇನ್ನೊಂದು ಜೋಡಿ ಕಳಿಸಬಹುದು.

ಗಣಿತ ಶಿಕ್ಷಕ

*

ಆಗಸ್ಟ್ 14

ಮೇಷ್ಟ್ರಿಗೆ,

ಯಾವುದನ್ನು ಮೊದಲು ಕತ್ತರಿಸಿದರೂ ಉತ್ತರ ಅದೇ. ಇನ್ನೊಂದು ಜೋಡಿ ಕಳಿಸುವಷ್ಟು ಒಳ್ಳೆಯ ಮನಸ್ಸು ಸದ್ಯ ನನಗಿಲ್ಲ.

ರಜೆಯ ಅಭ್ಯಾಸಕ್ಕೆಂದು ನೀವು ಕೊಟ್ಟ ಹತ್ತು ಲೆಕ್ಕದಲ್ಲಿ ಒಂಬತ್ತನ್ನು ಹುಡುಗಿ ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಮಾಡಿದಳು. ಪಟ್ಟಿ ಬೇಕಾಗಿದ್ದು ಮೊದಲ ಮೂರಕ್ಕೆ. ಉಳಿದವನ್ನು ಕಾಗದದ ಮೇಲೆ ಗೆರೆ ಎಳೆದು ಮಾಡಿದಳು. ಹತ್ತನೆಯದಕ್ಕೆ ಬಂದು ಎಡವಿದೆವು. ಮೂರು ಎಕ್ಸ್‌ಗೆ ಹದಿಮೂರು ಕೂಡಿಸಿದ್ದು, ಒಂದು ಎಕ್ಸ್‌ಗೆ ಐದು ಕೂಡಿಸಿದ್ದಕ್ಕೆ ಸಮ ಎಂದು ಬರೆದಿದ್ದೀರಿ. ಇದು ತಲೆ ಬುಡ ಇಲ್ಲದ ಲೆಕ್ಕ. ಕೆಂಪು ತುಂಡನ್ನು ಎಷ್ಟು ಚಿಕ್ಕದು ಮಾಡಿದರೂ ಮೊದಲ ಪಟ್ಟಿಯೇ ಉದ್ದ. ಒಂದು ಅರ್ಧ ದಿನ ಕತ್ತರಿಸಿ ಕತ್ತರಿಸಿ ನೋಡಿದೆ. ಗಿರಾಕಿಯ ರವಿಕೆ ಮೇಜಿನ ಮೇಲೆಯೇ ಕಾಯುತ್ತಿತ್ತು. ಐದು ಬರೆಯಬೇಕಾದಲ್ಲಿ ಹದಿಮೂರು, ಹದಿಮೂರು ಬರೆಯಬೇಕಾದಲ್ಲಿ ಐದು ಬರೆದು, ಅದೇ ತಪ್ಪನ್ನು ನಲವತ್ತಾರು ಮಕ್ಕಳ ಕೈಗೂ ಕೊಟ್ಟಿದ್ದೀರಿ. ಈ ತಪ್ಪಿಗೆ ಸರಿ ಗುರುತು ಹಾಕಲು ನಿಮ್ಮ ಅಚ್ಚಿನ ಚೀಟಿಯಲ್ಲಿ ಜಾಗ ಇದೆಯೇ?

ಹುಡುಗಿ ಮಂಕಾಗಿ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಕೂಡ ಬೀಸಲಿಲ್ಲ. ಅದಕ್ಕೂ ನೀವೇ ಹೊಣೆ.

ಹುಡುಗಿಯ ಅಜ್ಜಿ

*

ಆಗಸ್ಟ್ 18

ಅಜ್ಜಿಯವರಿಗೆ,

ಲೆಕ್ಕ ತಪ್ಪಿಲ್ಲ. ಅದರ ಉತ್ತರ ಕಳೆಯುವ ನಾಲ್ಕು, ಅಂದರೆ ಸೊನ್ನೆಗಿಂತ ನಾಲ್ಕು ಕಡಿಮೆ. ಎಕ್ಸ್ ಇದ್ದಲ್ಲಿ ಅದನ್ನು ಇಟ್ಟು ನೋಡಿದರೆ ಎರಡೂ ಕಡೆ ಒಂದೊಂದೇ ಉಳಿಯುತ್ತದೆ. ಸರಿ ಎಂದು ನನಗೆ ಗೊತ್ತು. ಆದರೆ ಅದನ್ನು ನಿಮ್ಮ ಪಟ್ಟಿಯಲ್ಲಿ ತೋರಿಸುವುದು ಹೇಗೆ ಎಂದು ಮಾತ್ರ ಗೊತ್ತಿಲ್ಲ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆದುಬಿಡುತ್ತೇನೆ. ನಾನು ಆಟದ ಮೇಷ್ಟ್ರು. ಗಣಿತದ ಮೇಡಂ ಹೋಗಿ ಎರಡು ವರ್ಷವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಬರುತ್ತದಲ್ಲ ಎಂದು ನನ್ನನ್ನು ಹಾಕಿದರು. ಐದು ಆ ಕಡೆಗೆ ಹೋದರೆ ಯಾಕೆ ಬದಲಾಗುತ್ತದೆ ಎಂದು ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಯಾರನ್ನೂ ಕೇಳಿಯೂ ಇರಲಿಲ್ಲ. ಅವಳು ಕೇಳಿದಾಗ ನನಗೆ ಬಂದದ್ದು ಸಿಟ್ಟಲ್ಲ, ಹೆದರಿಕೆ. ಹೊರಗೆ ನಿಲ್ಲಿಸಿದ್ದು ಅದಕ್ಕೆ.

ಕಳೆದ ವಾರದಿಂದ ಮೇಜಿನ ಮೇಲೆ ಕಾಗದದ ಪಟ್ಟಿ ಇಟ್ಟುಕೊಂಡು ಪಾಠ ಮಾಡುತ್ತಿದ್ದೇನೆ. ಹಿಂದಿನ ಬೆಂಚಿನವರೂ ಎದ್ದು ಬಂದು ನೋಡುತ್ತಾರೆ. ನಿಮ್ಮ ಮೊಮ್ಮಗಳು ಮಾತ್ರ ಬರುವುದಿಲ್ಲ. ರಜೆಯಿಂದ ಬಂದ ಮೇಲೆ ಅವಳು ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಜೂನ್‌ನಲ್ಲಿ ಹೀಗಿದ್ದಿದ್ದರೆ ನಾನು ಸಂತೋಷಪಡುತ್ತಿದ್ದೆ. ಏನಾಯಿತು ಎಂದು ವಿಚಾರಿಸಿದೆ. ಏನಿಲ್ಲ ಸರ್, ನೀವು ಹೇಳಿದ ಹಾಗೇ ಮಾಡುತ್ತೇನೆ ಎಂದಳು. ಹತ್ತನೇ ಲೆಕ್ಕದ ಜಾಗವನ್ನು ಪುಸ್ತಕದಲ್ಲಿ ಖಾಲಿ ಬಿಟ್ಟಿದ್ದಾಳೆ. ಪರೀಕ್ಷೆ ಇನ್ನು ಆರು ದಿನ. ಅಂಥದ್ದೇ ಲೆಕ್ಕ ಒಂದು ಇದ್ದೇ ಇರುತ್ತದೆ.

ಊರಿನಲ್ಲಿ ಏನಾದರೂ ನಡೆಯಿತೇ?

ಮೇಷ್ಟ್ರು

*

ಆಗಸ್ಟ್ 21

ಮೇಷ್ಟ್ರಿಗೆ,

ಅಂಚೆಗೆ ಹಾಕಿದರೆ ಪರೀಕ್ಷೆ ಮುಗಿದ ಮೇಲೆ ತಲುಪುತ್ತದೆ. ಅದಕ್ಕೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಸಮವಸ್ತ್ರ ಹೊಲಿಯುವವಳು ನಾನೇ. ತಲುಪಿಸದಿದ್ದರೆ ಮುಂದಿನ ಸಲ ಪ್ಯಾಂಟಿಗೆ ಜೇಬು ಇಡುವುದಿಲ್ಲ ಎಂದಿದ್ದೇನೆ.

ಊರಿನಲ್ಲಿ ನಡೆದದ್ದು ಇಷ್ಟು. ಹತ್ತನೇ ಲೆಕ್ಕ ಬಾರದೆ ಇದ್ದಾಗ ಹುಡುಗಿ ನನ್ನನ್ನು ಕೇಳಿದಳು. ‘ಅಜ್ಜಿ, ನಿನ್ನ ಪಟ್ಟಿಗೆ ಇದು ಯಾಕೆ ಬರಲ್ಲ?’ ಲೆಕ್ಕವೇ ತಪ್ಪು ಎಂದೆ. ಉಳಿದ ಒಂಬತ್ತು ಸರಿ ಬಂದವು, ಇದೊಂದೇ ಯಾಕೆ ತಪ್ಪಾಗಬೇಕು ಎಂದಳು. ನಾನು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, ‘ಬರಲ್ಲ ಅಂದ್ರೆ ಬರಲ್ಲ, ಬಾಯಿ ಮುಚ್ಕೊಂಡು ಕೂತ್ಕೋ’ ಎಂದೆ. ಅವಳು ಪುಸ್ತಕ ಮುಚ್ಚಿದಳು. ಮಾರನೆಯ ದಿನ ಬಸ್ಸಿಗೆ ಹೋಗುವ ತನಕ ಊಟ, ನೀರು ಎಂಬ ಮಾತು ಬಿಟ್ಟರೆ ನಮ್ಮ ನಡುವೆ ಮಾತಿಲ್ಲ.

ನೀವಾದರೂ ಮೂರನೇ ಸಲಕ್ಕೆ ಹೊರಗೆ ನಿಲ್ಲಿಸಿದಿರಿ. ನಾನು ಎರಡನೇ ಸಲಕ್ಕೇ ಬಾಯಿ ಮುಚ್ಚಿಸಿದೆ. ನಿಮ್ಮ ಮೇಲೆ ಒಂದೂವರೆ ತಿಂಗಳಿಂದ ಕಾರಿದ್ದನ್ನೆಲ್ಲ ಈಗ ನನ್ನ ಮೇಲೇ ಕಾರಿಕೊಳ್ಳುತ್ತಿದ್ದೇನೆ. ನಿಮಗೆ ಬಂದದ್ದು ಹೆದರಿಕೆ ಎಂದು ಬರೆದಿರಿ. ನನ್ನದಕ್ಕೆ ಹೆಸರಿಡಲು ಹೋಗುವುದಿಲ್ಲ. ಇಟ್ಟರೆ ಅದೇ ಆಗುತ್ತದೆ.

ಈಗ ಕೆಲಸದ ಮಾತು. ಅವಳು ಬಿಟ್ಟು ಹೋದ ಹಳೆಯ ಶಾಲೆಯ ಲಂಗವನ್ನು ನಿನ್ನೆ ಉದ್ದ ಮಾಡಲು ಬಿಚ್ಚಿದೆ. ಬೆಳೆಯುವ ಮಕ್ಕಳ ಲಂಗಕ್ಕೆ ಒಳಗೆ ಮಡಿಕೆ ಹಾಕಿ ಹೊಲಿದಿರುತ್ತೇವೆ. ಅದು ಉದ್ದವನ್ನು ನುಂಗಿಕೊಂಡು ಕೂತಿರುತ್ತದೆ. ಕೈಗೆ ಸಿಗುತ್ತದೆ, ಅಳತೆಯನ್ನು ಮಾತ್ರ ಕಡಿಮೆ ಮಾಡುತ್ತದೆ. ನಲವತ್ತೊಂದು ವರ್ಷ ಇದನ್ನು ಹೊಲಿದು, ತಲೆ ಬುಡ ಇಲ್ಲದ ಲೆಕ್ಕ ಎಂದು ನಿಮಗೆ ಬರೆದೆನಲ್ಲ.

ನಿಮ್ಮ ಹತ್ತನೇ ಲೆಕ್ಕದ ಎಕ್ಸ್ ತುಂಡಲ್ಲ, ಮಡಿಕೆ. ಒಂದು ಪಟ್ಟಿ ಹದಿಮೂರು ಇಂಚು, ಅದಕ್ಕೆ ಮೂರು ಮಡಿಕೆ. ಇನ್ನೊಂದು ಐದು ಇಂಚು, ಅದಕ್ಕೆ ಒಂದು ಮಡಿಕೆ. ಮಡಿಕೆ ಹಾಕಿದ ಮೇಲೆ ಎರಡೂ ಸಮ. ಎರಡರಲ್ಲೂ ಒಂದೊಂದು ಮಡಿಕೆ ಬಿಚ್ಚಿ. ತುದಿ ಕೂಡಿಯೇ ಇರುತ್ತದೆ. ಈಗ ಹದಿಮೂರು ಇಂಚಿನ ಬಟ್ಟೆಗೆ ಎರಡು ಮಡಿಕೆ ಹಾಕಿದ್ದು ಐದು ಇಂಚಿಗೆ ಸಮವಾಯಿತು. ಅಂದರೆ ಎರಡು ಮಡಿಕೆ ನುಂಗಿದ್ದು ಎಂಟು. ಒಂದು ನುಂಗಿದ್ದು ನಾಲ್ಕು. ಪಟ್ಟಿ ಹೊಲಿದು ಜೊತೆಗೆ ಇಟ್ಟಿದ್ದೇನೆ.

ಇದನ್ನು ಅವಳಿಗೆ ಕೊಡಿ. ಅಜ್ಜಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ, ತಪ್ಪು ಅಜ್ಜಿಯದು ಎಂದು ಹೇಳಿ. ಮೆತ್ತಗೆ ಹೇಳುವುದು ಬೇಡ. ನಾಲ್ಕು ಜನರ ಮುಂದೆ ಹೇಳಿ.

ಅಜ್ಜಿ

*

ಸೆಪ್ಟೆಂಬರ್ 1

ಅಜ್ಜಿಯವರಿಗೆ,

ಕಂಡಕ್ಟರ್ ಶಾಲೆಯ ಗೇಟಿನ ತನಕ ಬಂದು ಕೊಟ್ಟು ಹೋದರು. ಜೇಬಿನ ವಿಷಯ ನಿಮಗೆ ನೆನಪಿಸಲು ಹೇಳಿದ್ದಾರೆ.

ಯಾಕಮ್ಮನಿಗೆ ಪಟ್ಟಿ ಕೊಟ್ಟು, ನೀವು ಹೇಳಿದ ಮಾತನ್ನು ನಲವತ್ತಾರು ಜನರ ಮುಂದೆ ಹೇಳಿದೆ. ಅವಳು ಮಡಿಕೆಯನ್ನು ಬಿಚ್ಚಿ, ಮತ್ತೆ ಮಡಚಿ ನೋಡಿದಳು. ಆಮೇಲೆ ಎದ್ದು ನಿಂತು, ‘ಸರ್, ಒಂದು ಮಡಿಕೆ, ಒಂದು ತುಂಡು ಎರಡೂ ಒಂದೇ ಲೆಕ್ಕದಲ್ಲಿ ಬಂದ್ರೆ ಏನ್ ಮಾಡೋದು?’ ಎಂದಳು. ನನಗೆ ಗೊತ್ತಿಲ್ಲ, ನಾಳೆ ಇಬ್ಬರೂ ಸೇರಿ ನೋಡೋಣ ಎಂದೆ. ಇಡೀ ತರಗತಿ ಚಪ್ಪಾಳೆ ತಟ್ಟಿತು. ನನ್ನನ್ನು ಹೊಗಳಿದರೋ ಹಂಗಿಸಿದರೋ ತಿಳಿಯಲಿಲ್ಲ.

ಇನ್ನು ಪರೀಕ್ಷೆ. ಐದು ಲೆಕ್ಕದಲ್ಲಿ ನಾಲ್ಕು ಸರಿ ಮಾಡಿದ್ದಾಳೆ, ಮಡಿಕೆಯದೂ ಸೇರಿ. ಆದರೆ ಎಲ್ಲೂ ‘ಆ ಕಡೆಗೆ ಒಯ್ದೆ’ ಎಂದು ಬರೆದಿಲ್ಲ. ‘ಎರಡೂ ಕಡೆಯಿಂದ ಐದು ಕತ್ತರಿಸಿದೆ’ ಎಂದು ಬರೆದು, ಯಾಕೆ ಎಂದು ಪಕ್ಕದಲ್ಲಿ ಒಂದು ಸಾಲು ಬರೆದಿದ್ದಾಳೆ. ಮಾದರಿ ಹಿಡಿದು ತಿದ್ದಿದರೆ ಹನ್ನೊಂದು ಬರುತ್ತದೆ. ಎರಡು ಅಂಕ ಸಾಲದು. ನಾನು ಮಾದರಿಯನ್ನು ಪಕ್ಕಕ್ಕಿಟ್ಟು ಹತ್ತೊಂಬತ್ತು ಕೊಟ್ಟು ಸಹಿ ಹಾಕಿದೆ. ಮುಖ್ಯೋಪಾಧ್ಯಾಯಿನಿಯವರು ಪತ್ರಿಕೆಯನ್ನು ತರಿಸಿಕೊಂಡು ನನ್ನಿಂದ ವಿವರಣೆ ಕೇಳಿದ್ದಾರೆ. ಹೊಲಿಗೆ ವಿಭಾಗದ ಹೊಸ ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿಯೂ ಆಗಿದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರ ಕೋಣೆಯಲ್ಲಿ ತೀರ್ಮಾನ. ಪೋಷಕರು ಬರಬಹುದು ಎಂದಿದ್ದಾರೆ. ಅಷ್ಟು ದೂರದಿಂದ ನೀವು ಬರಲಾರಿರಿ ಎಂದು ಅವರಿಗೆ ಹೇಳಿದ್ದೇನೆ.

ಮೇಷ್ಟ್ರು

*

ಸೆಪ್ಟೆಂಬರ್ 9

ಮೇಷ್ಟ್ರಿಗೆ,

ನಾನು ಬರಲಾರೆ ಎಂದು ಇನ್ನೊಮ್ಮೆ ಯಾರಿಗೂ ಹೇಳಬೇಡಿ.

ಸೋಮವಾರ ಆ ಕೋಣೆಯ ಹೊರಗೆ ನಿಮ್ಮನ್ನು ನಿಲ್ಲಿಸಿದ್ದರು. ಗಂಟೆಯ ಪಕ್ಕ, ಕೈ ಹಿಂದೆ ಕಟ್ಟಿಕೊಂಡು, ಏಳನೇ ಕ್ಲಾಸಿನವರ ಹಾಗೆ. ಬಸ್ಸಿಗೆ ಹೊತ್ತಾಯಿತೆಂದು ನಾನು ಹಾಗೇ ಹೊರಟುಬಿಟ್ಟೆ. ಒಳಗೆ ಏನಾಯಿತೆಂದು ನಿಮಗೆ ಪೂರ್ತಿ ತಿಳಿದಿರಲಿಕ್ಕಿಲ್ಲ, ಕೇಳಿ.

ನಿಮ್ಮ ಮುಖ್ಯೋಪಾಧ್ಯಾಯಿನಿ ಒಳ್ಳೆಯ ಮಾತಿನವರು. ಕುರ್ಚಿ ಕೊಟ್ಟರು. ನಿಯಮ ಎಲ್ಲರಿಗೂ ಒಂದೇ, ಹುಡುಗಿಗೆ ಹೊಲಿಗೆ ನಿಮ್ಮಿಂದಲೇ ಬಂದಿರುತ್ತದೆ, ಅಲ್ಲಿ ಅವಳು ಸುಖವಾಗಿರುತ್ತಾಳೆ ಎಂದರು. ನಾನು ಕೇಳಿದ್ದು ಒಂದೇ ಮಾತು. ‘ಮೇಡಮ್ಮಾ, ಆ ಐದು ಆ ಕಡೆ ಹೋದ್ರೆ ಯಾಕೆ ಬದಲಾಗುತ್ತೆ?’ ಅವರು ಕನ್ನಡಕ ಹುಡುಕಿದರು. ಅದು ಮೂಗಿನ ಮೇಲೆಯೇ ಇತ್ತು. ಹಾಗಾದರೆ ಗೊತ್ತಿರುವವಳನ್ನು ಕರೆಸಿ ಎಂದೆ. ಯಾಕಮ್ಮ ಬಂದಳು. ಅವರ ಮೇಜಿನ ಕಾಗದವನ್ನೆಲ್ಲ ಸರಿಸಿ, ಪಟ್ಟಿ ಹಾಸಿ, ನನ್ನ ಕತ್ತರಿ ತೆಗೆದುಕೊಂಡು ಮೊದಲು ತುಂಡಿನ ಲೆಕ್ಕ, ಆಮೇಲೆ ಮಡಿಕೆಯ ಲೆಕ್ಕ ಮಾಡಿ ತೋರಿಸಿದಳು. ನಾನು ತುಟಿ ಬಿಚ್ಚಲಿಲ್ಲ. ನನಗೆ ಅದೆಷ್ಟು ಕಷ್ಟ ಎಂದು ನಿಮಗೆ ಗೊತ್ತು. ಮೇಡಂ ಹತ್ತೊಂಬತ್ತರ ಪಕ್ಕ ಸಹಿ ಹಾಕಿದರು. ಹೊಲಿಗೆ ವಿಭಾಗದ ಪಟ್ಟಿಯಿಂದ ಅವಳ ಹೆಸರಿಗೆ ಗೆರೆ ಎಳೆದರು.

ಈಗ ನಾನು ಸಂತೋಷವಾಗಿದ್ದೇನೆ ಎಂದುಕೊಂಡಿರಬೇಕು ನೀವು. ಮೇಡಂ ಕೋಣೆಗೆ ಹೋಗುವ ಮೊದಲೇ ನಿಮ್ಮ ಹೊಲಿಗೆ ವಿಭಾಗವನ್ನು ನೋಡಿದ್ದೆ. ಉಗ್ರಾಣದ ಪಕ್ಕದ ಕೋಣೆ, ಒಂದು ಕಿಟಕಿ, ಹನ್ನೊಂದು ಹುಡುಗಿಯರು. ಜೂನ್‌ನಿಂದ ಕರವಸ್ತ್ರಕ್ಕೆ ಅಂಚು ಹೊಲಿಯುತ್ತಿದ್ದಾರೆ. ಒಬ್ಬಳು ಅಂಗಿ ಕತ್ತರಿಸಿ ಇಟ್ಟಿದ್ದಳು. ಎಡತೋಳು ಬಲತೋಳಿಗಿಂತ ಒಂದೂವರೆ ಇಂಚು ಗಿಡ್ಡ. ಎರಡೂ ಸಮ ಇವೆಯೇನಮ್ಮ ಎಂದು ಕೇಳಿದೆ. ಇರಬೇಕು ಅಜ್ಜಿ, ಅಚ್ಚಿನ ಕಾಗದದಲ್ಲಿ ಹಾಗೇ ಇತ್ತು ಎಂದಳು. ಒಂದರ ಮೇಲೊಂದು ಇಟ್ಟು ನೋಡಿದ್ದೀಯಾ ಎಂದರೆ, ಇಡಬಹುದಾ ಎಂದಳು. ಅಷ್ಟು ಹೊತ್ತು ಅಲ್ಲಿದ್ದೆ. ಹನ್ನೊಂದರಲ್ಲಿ ಒಬ್ಬಳೂ ತಾನಾಗಿ ನನ್ನನ್ನು ಏನೂ ಕೇಳಲಿಲ್ಲ. ನೀನ್ಯಾರು ಎಂದು ಕೂಡ.

ನನ್ನ ಮೊಮ್ಮಗಳ ಜಾಗ ಉಳಿಯಿತು ಎಂದು ನಾನು ಕೈ ತೊಳೆದುಕೊಂಡು ಕೂರಬೇಕೇ? ಆ ಕೋಣೆಯಲ್ಲಿ ಹೊಲಿಗೆಯೂ ಇಲ್ಲ, ಲೆಕ್ಕವೂ ಇಲ್ಲ. ನನ್ನ ಕಸುಬಿನ ಹೆಸರನ್ನು ಬಾಗಿಲ ಮೇಲೆ ಬರೆದು ಮಕ್ಕಳನ್ನು ಸುಮ್ಮನೆ ಕೂರಿಸಿದ್ದೀರಿ. ಮೇಡಂಗೂ ಬೇರೆ ಪತ್ರ ಹಾಕಿದ್ದೇನೆ. ಅದು ಇದರಷ್ಟು ಮೆತ್ತಗಿಲ್ಲ. ಶನಿವಾರ ಮಧ್ಯಾಹ್ನ ಆಟದ ಪೀರಿಯಡ್ಡು ನಿಮ್ಮದೇ. ಅದರಲ್ಲಿ ಅರ್ಧವನ್ನು ಆ ಕೋಣೆಗೆ ಕೊಡಿ. ತಿಂಗಳಿಗೊಂದು ಶನಿವಾರ ನಾನೂ ಬರುತ್ತೇನೆ. ಕಂಡಕ್ಟರನಿಗೆ ಎರಡು ಜೇಬು ಇಟ್ಟುಕೊಟ್ಟಿದ್ದೇನೆ.

ಈ ಪತ್ರದ ಜೊತೆಗಿರುವ ಕಟ್ಟಿನಲ್ಲಿ ಹನ್ನೊಂದು ಜೋಡಿ ಪಟ್ಟಿ ಇವೆ, ಒಬ್ಬೊಬ್ಬರಿಗೆ ಒಂದೊಂದು ಜೋಡಿ. ಹತ್ತು ಜೋಡಿಯಲ್ಲಿ ತುದಿಗೆ ತುದಿ ಕೂಡುತ್ತದೆ. ಒಂದು ಜೋಡಿಯನ್ನು ಬೇಕೆಂದೇ ತಪ್ಪು ಕತ್ತರಿಸಿದ್ದೇನೆ. ಯಾವುದು ಎಂದು ನಿಮಗೂ ಹೇಳುವುದಿಲ್ಲ. ಅದು ಯಾರ ಪಾಲಿಗೆ ಬರುತ್ತದೋ ಅವಳು ಎದ್ದು ಬಂದು, ಇದು ಯಾಕೆ ಹೀಗಿದೆ ಎಂದು ಕೇಳುವ ತನಕ ನೀವು ಬಾಯಿ ಬಿಡಬಾರದು. ಕೇಳಿದ ದಿನ ಅವಳ ಹೆಸರನ್ನು ನನಗೆ ಬರೆದು ಕಳಿಸಿ.

ಯಾಕಮ್ಮನ ಅಜ್ಜಿ